ನವೆಂಬರ್ ಕಳ್ಳಿಗೆ ಕತ್ತಲೂ ಬೇಕು

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ಸ್ಟಾಕ್‌ಹೋಮಿಗೆ ಬಂದು ಮೂರು ತಿಂಗಳಾಯಿತು, ನಿಮ್ಮವರು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಾರೆ, ಪಕ್ಕದ ಮನೆಯ ಅಜ್ಜಿ ಮಗಳ ಊರಿಗೆ ಹೊರಟಾಗ ಒಂದು ಕಳ್ಳಿ ಕುಂಡ ನಿನ್ನ ಕೈಗಿಟ್ಟು ಹೋದರು, ವಾರದೊಳಗೆ ಅದರ ಮೊಗ್ಗೆಲ್ಲ ಉದುರಿತು, ರೆಂಬೆಗಳು ಜೋತುಬಿದ್ದಿವೆ, ಕತ್ತರಿಸಲೋ ಬೇಡವೋ ಎಂದು ಬರೆದಿದ್ದೀಯ. ಕೊನೆಯಲ್ಲಿ ಒಂದೇ ಸಾಲು: ‘ಅಕ್ಕ, ಇಲ್ಲಿ 17 ವರ್ಷ ಹೇಗೆ ಕಳೆದಿರಿ?’ ಮೊದಲು ಗಿಡದ ವಿಷಯ ಹೇಳಿಬಿಡುತ್ತೇನೆ, ಅದಕ್ಕೆ ಈ ವಾರವೇ ಆಗಬೇಕಾದ ಕೆಲಸವಿದೆ.

ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಚಪ್ಪಟೆ ಬಿಲ್ಲೆಗಳ ಅಂಚು ಗರಗಸದ ಹಲ್ಲಿನ ಹಾಗೆ ಚೂಪಾಗಿದೆ. ಇಲ್ಲಿಯವರು ಇದನ್ನು ನವೆಂಬರ್‌ಕಾಕ್ಟುಸ್ ಅನ್ನುತ್ತಾರೆ. ಅಂಚು ದುಂಡಗಿದ್ದರೆ ಅದು ಯೂಲ್‌ಕಾಕ್ಟುಸ್, ಕ್ರಿಸ್‌ಮಸ್ ಹೊತ್ತಿಗೆ ಅರಳುವಂಥದ್ದು. ಎರಡಕ್ಕೂ ಆರೈಕೆ ಒಂದೇ. ಕಳ್ಳಿ ಅಂದಕೂಡಲೇ ನಮಗೆ ಬೇಲಿಯ ಪಾಪಾಸುಕಳ್ಳಿ ನೆನಪಾಗುತ್ತದೆ, ಸುಡುಬಿಸಿಲು, ಒಣ ನೆಲ. ಇದರ ಊರೇ ಬೇರೆ. ಬ್ರೆಜಿಲಿನ ರಿಯೊ ಡಿ ಜನೈರೊ ಕಡೆಯ ಕರಾವಳಿ ಬೆಟ್ಟಗಳಲ್ಲಿ, ಮಂಜು ಕವಿದ ಮಳೆಕಾಡಿನಲ್ಲಿ, ಮರದ ಕವಲಿನ ಮೇಲೆ, ಬಂಡೆಯ ಸಂದಿಯಲ್ಲಿ ಬೆಳೆಯುತ್ತದೆ. ನಮ್ಮ ಆಗುಂಬೆ ಕಡೆ ಮರದ ಮೇಲೆ ಸೀತಾಳೆದಂಡೆ ಇರುತ್ತದಲ್ಲ, ಹಾಗೆ. ಮರದ ಕವಲಿನಲ್ಲಿ ಒಂದಿಷ್ಟು ತರಗೆಲೆ, ಪಾಚಿ, ಅಷ್ಟೇ ಮಣ್ಣು. ಮಳೆ ಬಂದರೆ ಬೇರು ನೆನೆಯುತ್ತದೆ, ನೀರು ಜಾರಿ ಹೋಗುತ್ತದೆ. ಇದೊಂದು ಮಾತು ಮನಸ್ಸಿನಲ್ಲಿದ್ದರೆ ಎಷ್ಟು ನೀರು, ಎಂಥ ಮಣ್ಣು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ನಿನಗೆ ಇದರ ಬಳಗದ ಪರಿಚಯ ಆಗಲೇ ಇದೆ. ಊರಿನಲ್ಲಿ ನಾವು ಬ್ರಹ್ಮಕಮಲ ಅನ್ನುವ ಗಿಡವೂ ಕಳ್ಳಿಯೇ. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆ, ನಮ್ಮ ಮನೆಯಂಗಳದ್ದು ಮೆಕ್ಸಿಕೊ ಕಡೆಯಿಂದ ಬಂದದ್ದು. ಸಾಗರದಲ್ಲಿ ಅಮ್ಮ ಬಾವಿಕಟ್ಟೆಯ ಪಕ್ಕ ಒಂದು ‘ಎಲೆ’ ಚುಚ್ಚಿದ್ದರು, ಮಳೆಗಾಲದ ಒಂದು ರಾತ್ರಿ ಹನ್ನೊಂದು ಹೂ ಅರಳಿ ಓಣಿಯವರೆಲ್ಲ ಟಾರ್ಚ್ ಹಿಡಿದುಕೊಂಡು ಬಂದಿದ್ದರು. ಅಮ್ಮ ಹೂವಿಗೆ ಕುಂಕುಮ ಇಟ್ಟು ಆರತಿ ಎತ್ತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆ ಎಲೆ ಎಲೆಯಲ್ಲ, ಚಪ್ಪಟೆಯಾದ ಕಾಂಡ. ನಿನ್ನ ಕುಂಡದಲ್ಲಿರುವ ಬಿಲ್ಲೆಗಳೂ ಕಾಂಡವೇ. ಅಮ್ಮ ಮಾಡಿದ್ದನ್ನೇ ನೀನೂ ಮಾಡಬಹುದು.

ಮೊಗ್ಗು ಉದುರಿದ್ದು ನಿನ್ನ ತಪ್ಪಲ್ಲ. ಮೊಗ್ಗು ಹೊತ್ತ ಮೇಲೆ ಈ ಗಿಡಕ್ಕೆ ಜಾಗ ಬದಲಾಗಬಾರದು. ಅಜ್ಜಿಯ ಕಿಟಕಿಯಿಂದ ನಿನ್ನ ಕಿಟಕಿಗೆ ಬಂತು, ಬೆಳಕು ಬೇರೆ, ಬಿಸಿ ಬೇರೆ, ಅದು ಮೊಗ್ಗು ಚೆಲ್ಲಿತು. ಆದರೆ ಫೋಟೋದಲ್ಲಿ ಇನ್ನೂ ಎರಡು ಕಂಡವು. ಕುಂಡ ಕಿಟಕಿಯ ಕೆಳಗಿನ ಹೀಟರಿನ ನೇರ ಮೇಲಿದೆ, ಆ ಒಣ ಬಿಸಿಗಾಳಿ ಇಡೀ ದಿನ ಅದಕ್ಕೆ ಬಡಿಯುತ್ತಿದೆ. ಎರಡನೆಯದು ಆ ಚಂದದ ಬಿಳಿ ಹೊರಕುಂಡ. ಒಳಗಿನ ಪ್ಲಾಸ್ಟಿಕ್ ಕುಂಡ ಎತ್ತಿ ನೋಡು, ತಳದಲ್ಲಿ ನೀರು ನಿಂತಿರಬೇಕು. ಇವತ್ತೇ ಚೆಲ್ಲು.

ನನ್ನ ಮೊದಲ ಗಿಡ ಹೀಗೇ ಸತ್ತಿತು. 2008ರ ಚಳಿಗಾಲ, ನಾನು ಬಂದು ಐದು ತಿಂಗಳು. ಇಡೀ ದಿನ ಮಾತಾಡಲು ಯಾರೂ ಇಲ್ಲ, ಕಣ್ಣೆದುರು ಜೀವ ಅಂತ ಇದ್ದದ್ದು ಅದೊಂದು ಕುಂಡ. ಬಿಲ್ಲೆಗಳು ಸುಕ್ಕುಗಟ್ಟಿದ್ದು ನೋಡಿ ಬಾಯಾರಿದೆಯೇನೋ ಅಂತ ದಿನಾ ಬೆಳಿಗ್ಗೆ ಒಂದು ಲೋಟ ನೀರು ಹಾಕಿದೆ. ಹಾಕಿದಷ್ಟೂ ಸುಕ್ಕು ಹೆಚ್ಚಾಯಿತು. ಜನವರಿಯಲ್ಲಿ ಬುಡ ಹಿಡಿದು ಅಲ್ಲಾಡಿಸಿದರೆ ಇಡೀ ಗಿಡ ಕೈಗೆ ಬಂತು, ಬೇರು ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಬೇರು ಕೊಳೆತರೂ ಬಿಲ್ಲೆ ಸುಕ್ಕಾಗುತ್ತದೆ, ನೀರು ಸಾಲದಿದ್ದರೂ ಸುಕ್ಕಾಗುತ್ತದೆ. ಅದಕ್ಕೇ ಗಿಡದ ಮುಖ ನೋಡಿ ನೀರು ಹಾಕಬೇಡ, ಮಣ್ಣಿಗೆ ಬೆರಳಿಟ್ಟು ನೋಡು. ಮೊದಲ ಗೆಣ್ಣಿನವರೆಗೆ ಒಣಗಿದ್ದರೆ ಸಿಂಕಿನಲ್ಲಿಟ್ಟು ಚೆನ್ನಾಗಿ ನೀರು ಕುಡಿಸು, ಸೋರಿದ ಮೇಲೆ ಹೊರಕುಂಡಕ್ಕೆ ಇಳಿಸು. ನಲ್ಲಿ ನೀರೇ ಸಾಕು, ಬೆಂಗಳೂರಿನ ಬೋರ್‌ವೆಲ್ ನೀರಿನ ಹಾಗೆ ಇಲ್ಲಿ ಪಾತ್ರೆಗೆ ಬಿಳಿ ಕಟ್ಟುವುದಿಲ್ಲ.

ಇನ್ನು ಕತ್ತಲೆ. ನೀನು ಅತ್ತುಕೊಂಡು ಬರೆದ ಈ ಕತ್ತಲೆ ಇಲ್ಲದಿದ್ದರೆ ಈ ಗಿಡ ಮೊಗ್ಗೇ ಕಟ್ಟುವುದು ಕಷ್ಟ. ರಾತ್ರಿಗಳು ಉದ್ದವಾಗಬೇಕು, ದಿನಕ್ಕೆ 13 ಗಂಟೆಯಷ್ಟು ಕತ್ತಲು, ಹಾಗೆ ಸುಮಾರು ಆರು ವಾರ, ಜೊತೆಗೆ ಸ್ವಲ್ಪ ತಂಪು. ಆಗ ರೆಂಬೆಯ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಕಾಣಿಸುತ್ತದೆ. ಬ್ರೆಜಿಲಿನಲ್ಲಿ ಇದರ ಹೆಸರು ಮೇ ಹೂವು, ಏಕೆಂದರೆ ಅಲ್ಲಿ ರಾತ್ರಿ ಬೆಳೆಯುವುದು ಆಗ. ಸ್ಟಾಕ್‌ಹೋಮಿನಲ್ಲಿ ಅಕ್ಟೋಬರಿನಲ್ಲಿ ಬೇಕಾದಷ್ಟು ಕತ್ತಲು ತಾನಾಗಿ ಸಿಗುತ್ತದೆ, ಅದನ್ನು ಕೆಡಿಸುವವರು ದೀಪ ಹಚ್ಚುವ ನಾವೇ. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಕುಂಡವನ್ನು ಅಡುಗೆಮನೆ ಕಿಟಕಿಯಲ್ಲಿ ಇಡಬೇಡ. ಸಂಜೆ ಮೇಲೆ ದೀಪ ಉರಿಯದ ಕೋಣೆ ಇದ್ದರೆ ಅಲ್ಲಿಡು. ನಾನು ಮಲಗುವ ಕೋಣೆಯಲ್ಲಿ ಇಟ್ಟು ಅಲ್ಲಿಯ ಹೀಟರ್ ತಗ್ಗಿಸುತ್ತೇನೆ. ಮೊಗ್ಗು ಕಂಡ ಮೇಲೆ ಕುಂಡ ತಿರುಗಿಸುವುದೂ ಇಲ್ಲ.

ಕತ್ತರಿಸುವ ಮಾತಿಗೆ ಬರುತ್ತೇನೆ. ಕತ್ತರಿಸು, ಖಂಡಿತ ಕತ್ತರಿಸು, ಆದರೆ ಈಗಲ್ಲ. ಡಿಸೆಂಬರಿನಲ್ಲಿ ಸೂರ್ಯ ಮೂರು ಗಂಟೆಗೆ ಮೊದಲೇ ಮುಳುಗುತ್ತಾನೆ, ಈಗ ಚಿಗುರಿಸಿದರೆ ಚಿಗುರು ಬಿಳುಚಿಕೊಂಡು ಸಣಕಲಾಗುತ್ತದೆ. ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಗೋಡೆಯ ಮೇಲೆ ಬೀಳಲು ಶುರುವಾಗುತ್ತದೆ. ಆಗ ಕೈ ಹಾಕು. ಕತ್ತರಿ ಬೇಡ. ಎರಡು ಬಿಲ್ಲೆ ಸೇರುವಲ್ಲಿ ಸೊಂಟದ ಹಾಗೆ ಸಣ್ಣಗಾಗಿರುತ್ತದೆ, ನೋಡು. ಎಡಗೈಯಲ್ಲಿ ಕೆಳಗಿನ ಬಿಲ್ಲೆ ಹಿಡಿದುಕೊ, ಬಲಗೈಯ ಹೆಬ್ಬೆರಳು ತೋರುಬೆರಳಲ್ಲಿ ಮೇಲಿನದನ್ನು ಹಿಡಿದು ಬೀಗದ ಕೈ ತಿರುಗಿಸಿದ ಹಾಗೆ ಕಾಲು ಸುತ್ತು ತಿರುಗಿಸು. ಎಳೆ ಬೀನ್ಸ್ ಮುರಿದಷ್ಟು ಸಣ್ಣ ಸದ್ದು ಬರುತ್ತದೆ, ಬಿಲ್ಲೆ ಬೆರಳಲ್ಲಿರುತ್ತದೆ. ಮುರಿದ ಕಡೆ ಕಡಲೆಬೇಳೆಯಷ್ಟು ಒದ್ದೆ ಹಸಿರು ಕಾಣುತ್ತದೆ, ಎರಡೇ ದಿನದಲ್ಲಿ ಒಣಗಿ ಮುಚ್ಚಿಕೊಳ್ಳುತ್ತದೆ. ಬುಡದ ಹತ್ತಿರ ಮರಗಟ್ಟಿ ಬೂದಿಬಣ್ಣಕ್ಕೆ ತಿರುಗಿದ್ದನ್ನು ಮುಟ್ಟಬೇಡ.

ಪ್ರತಿ ರೆಂಬೆಯಿಂದ ಎರಡೋ ಮೂರೋ ಬಿಲ್ಲೆ, ಇಡೀ ಗಿಡದಿಂದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡ. ಮುರಿದ ತುದಿಯಿಂದ ಸಾಮಾನ್ಯವಾಗಿ ಎರಡು ಚಿಗುರು ಹೊರಡುತ್ತವೆ. ಹೂ ಬಿಡುವುದು ತುದಿಯಲ್ಲೇ, ತುದಿ ಹೆಚ್ಚಾದಷ್ಟೂ ಹೂ ಹೆಚ್ಚು. ಆಗಸ್ಟ್ ಬಂದ ಮೇಲೆ ಮುರಿದರೆ ಆ ವರ್ಷದ ಹೂವನ್ನೇ ಮುರಿದ ಹಾಗೆ. ಏಪ್ರಿಲ್‌ನಿಂದ ಬೇಸಿಗೆ ಮುಗಿಯುವವರೆಗೆ ಎರಡು ಮೂರು ವಾರಕ್ಕೊಮ್ಮೆ ತೆಳ್ಳಗಿನ ದ್ರವಗೊಬ್ಬರ. ಜೂನ್‌ನಲ್ಲಿ ಬಾಲ್ಕನಿಯ ನೆರಳಿಗೆ ಇಡು, ನೇರ ಬಿಸಿಲಿಗೆ ಬಿಲ್ಲೆ ಕೆಂಪಗಾಗುತ್ತದೆ. ರಾತ್ರಿ ಹತ್ತು ಡಿಗ್ರಿಗೆ ಇಳಿಯುವ ಹೊತ್ತಿಗೆ ಒಳಗೆ ತಾ.

ಮುರಿದ ತುಂಡುಗಳನ್ನು ಎಸೆಯಬೇಡ. ಪೇಪರಿನ ಮೇಲೆ ಎರಡು ದಿನ ಒಣಗಿಸಿ, ಕುಂಡದ ಮಣ್ಣಿಗೆ ಮೂರರಲ್ಲೊಂದು ಪಾಲು ಪರ್ಲೈಟ್ (ನೀರು ಬಸಿಯಲು ಮಣ್ಣಿಗೆ ಸೇರಿಸುವ ಹಗುರ ಬಿಳಿ ಹರಳು) ಬೆರೆಸಿ, ಒಂದು ಸಣ್ಣ ಕುಂಡಕ್ಕೆ ಮೂರು ನಾಲ್ಕು ತುಂಡು ಬೆರಳ ಉಗುರಿನಷ್ಟು ಆಳಕ್ಕೆ ಚುಚ್ಚು. ಒಂದು ತಿಂಗಳಿನ ಆಚೀಚೆ ಮೆಲ್ಲಗೆ ಎಳೆದು ನೋಡಿದರೆ ಬರುವುದಿಲ್ಲ, ಬೇರು ಹಿಡಿದಿರುತ್ತದೆ.

ಈಗ ನಿನ್ನ ಕೊನೆಯ ಸಾಲಿಗೆ ಉತ್ತರ. ಇಂಥ ತುಂಡಿಗೆ ಇಲ್ಲಿ ಸ್ಟಿಕ್ಲಿಂಗ್ ಅನ್ನುತ್ತಾರೆ. ನನ್ನ ಬಾಯಿಂದ ಅಪರಿಚಿತರೆದುರು ಬಂದ ಮೊದಲ ಸ್ವೀಡಿಷ್ ಮಾತು ಅದೇ. ನಾನು ಎರಡನೇ ವರ್ಷ ಆರು ಕುಂಡ ಮಾಡಿ, ನಮ್ಮ ಕಟ್ಟಡದ ಬಟ್ಟೆ ಒಗೆಯುವ ಕೋಣೆಯ ಮೇಜಿನ ಮೇಲಿಟ್ಟು, ಬೇಕಾದವರು ಒಯ್ಯಿರಿ ಎಂದು ಚೀಟಿ ಅಂಟಿಸಿದೆ, ನನ್ನ ಮನೆ ನಂಬರ್ ಸಹಿತ. ಸಂಜೆಗೆ ಐದು ಹೋಗಿದ್ದವು. ಎರಡು ವಾರದ ಮೇಲೆ ಮೂರನೇ ಮಹಡಿಯವರು ಬಾಗಿಲು ತಟ್ಟಿ, ತಮ್ಮ ಹಳೇ ಗಿಡದ ಬಿಳಿ ಹೂವಿನ ತುಂಡು ಕೊಟ್ಟರು. ಅಷ್ಟು ದಿನ ಲಿಫ್ಟಿನಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದವರು ಅವರು. ಇವತ್ತಿಗೂ ನಾವು ಊರಿಗೆ ಹೋದರೆ ನಮ್ಮ ಮನೆಯ ಬೀಗದ ಕೈ ಅವರ ಹತ್ತಿರವೇ ಇರುತ್ತದೆ. ಇಲ್ಲಿಯ ಜನ ತಾವಾಗಿ ಮಾತಿಗೆ ಬರುವುದು ಕಡಿಮೆ, ಆದರೆ ಕೈಯಲ್ಲಿ ಗಿಡ ಇದ್ದರೆ ನಿಂತು ಅರ್ಧ ಗಂಟೆ ಮಾತಾಡುತ್ತಾರೆ.

ಇನ್ನುಳಿದದ್ದು ಚಿಕ್ಕ ಚಿಕ್ಕದು. ದಿನಾ ಹನ್ನೆರಡು ಗಂಟೆಗೆ, ಮೋಡವಿದ್ದರೂ, ಅರ್ಧ ಗಂಟೆ ಹೊರಗೆ ನಡೆ. ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳು. ಪರ್ಸೂನ್‌ನುಮ್ಮರ್, ಅಂದರೆ ಇಲ್ಲಿಯ ಗುರುತಿನ ಸಂಖ್ಯೆ, ಬಂದಿದ್ದರೆ ವಲಸೆ ಬಂದವರಿಗೆ ಸ್ವೀಡಿಷ್ ಕಲಿಸುವ ಎಸ್‌ಎಫ್‌ಐ ತರಗತಿಗೆ ನಾಳೆಯೇ ಹೆಸರು ಕೊಡು, ಅದು ಉಚಿತ. ಅತ್ತೆಯವರು ಬರುವಾಗ ಕರಿಬೇವಿನ ಸಸಿಯನ್ನೋ ಬ್ರಹ್ಮಕಮಲದ ತುಂಡನ್ನೋ ಪೆಟ್ಟಿಗೆಯಲ್ಲಿಟ್ಟು ತರಲು ಹೇಳಬೇಡ. ಭಾರತದಂಥ ಯುರೋಪಿಯನ್ ಒಕ್ಕೂಟದ ಹೊರಗಿನ ದೇಶದಿಂದ ಗಿಡ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬ್ರಹ್ಮಕಮಲ ಬೇಕಾದರೆ ನನ್ನ ಹತ್ತಿರ ಇದೆ, ಇಲ್ಲೇ ಒಬ್ಬರು ಕೊಟ್ಟದ್ದು.

ಇವತ್ತು ಹೊರಕುಂಡದ ನೀರು ಚೆಲ್ಲಿ, ಗಿಡವನ್ನು ಹೀಟರಿನಿಂದ ಸ್ವಲ್ಪ ದೂರ, ಆದರೆ ಕಿಟಕಿಯ ಬೆಳಕು ತಾಗುವ ಕಡೆ ಸ್ಟೂಲಿನ ಮೇಲಿಡು. ಇನ್ನು ಅದನ್ನು ಕದಲಿಸಬೇಡ. ಮಾರ್ಚ್ ಮೊದಲ ಶನಿವಾರ ನಾನೇ ನಿಮ್ಮ ಮನೆಗೆ ಬರುತ್ತೇನೆ, ಪರ್ಲೈಟ್ ಚೀಲ ನನ್ನದು, ಅವಲಕ್ಕಿ ನಿನ್ನದು. ಖಾಲಿ ಮೊಸರು ಡಬ್ಬಿಗಳನ್ನು ಈಗಿನಿಂದಲೇ ಎತ್ತಿಡು, ಸಸಿಗಳಿಗೆ ಬೇಕಾಗುತ್ತವೆ. ತಳಕ್ಕೆ ತೂತು ನಾನು ಬಂದು ಮಾಡುತ್ತೇನೆ.