ದೂಳು ಹೆಚ್ಚಾದ ದಿನಗಳಲ್ಲಿ ಅಸ್ತಮಾ ಇರುವವರಿಗೆ ಇನ್‌ಹೇಲರ್ ಹೆಚ್ಚು ಬೇಕಾಗುವುದೇಕೆ?

ಹೊಗೆ ಮತ್ತು ಸೂಕ್ಷ್ಮ ದೂಳು ಶ್ವಾಸನಾಳದ ಒಳಪದರವನ್ನು ಕೆರಳಿಸಿ ಊದಿಸುವುದರಿಂದ, ಅಂತಹ ದಿನಗಳಲ್ಲಿ ಮಾತ್ರವಲ್ಲ, ನಂತರದ ಕೆಲವು ದಿನಗಳವರೆಗೂ ಇನ್‌ಹೇಲರ್ ಹೆಚ್ಚು ಬೇಕಾಗಬಹುದು.

ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿರುವ ಕೊಪ್ಪಳದ ಗಿಣಿಗೇರಾ ಕಡೆ ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಸಂಜೆ ಬೆರಳೆಳೆದರೆ ಕಪ್ಪು ಗೆರೆ ಮೂಡುತ್ತದೆ. ಸಂಡೂರಿನ ಅದಿರು ಲಾರಿಗಳು ಓಡಾಡುವ ದಾರಿಯಲ್ಲಿ ಅದೇ ಗೆರೆ ಕೆಂಪಗಿರುತ್ತದೆ. ಕಣ್ಣಿಗೆ ಕಾಣುವ ಈ ದೂಳಿನ ಬಹುಪಾಲನ್ನು ಮೂಗು, ಗಂಟಲುಗಳೇ ತಡೆಯುತ್ತವೆ. ಕೂದಲೆಳೆಯ ದಪ್ಪದಲ್ಲಿ ಸುಮಾರು 25ನೇ ಒಂದು ಪಾಲಿನಷ್ಟಿರುವ, ಅಂದರೆ 2.5 ಮೈಕ್ರೊಮೀಟರ್‌ಗಿಂತ ಚಿಕ್ಕದಾದ ಕಣಗಳು ಮಾತ್ರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಆಗ ನಾಳದ ಗೋಡೆ ಊದಿಕೊಂಡು, ಕಫ ಹೆಚ್ಚಿ, ಸುತ್ತಲಿನ ಸ್ನಾಯು ಬಿಗಿಯುತ್ತದೆ.

ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಸಿಗುವ ಸಾಲ್ಬುಟಮಾಲ್ ಇನ್‌ಹೇಲರ್ ಕೆಲವೇ ನಿಮಿಷಗಳಲ್ಲಿ ಆ ಸ್ನಾಯುವನ್ನು ಸಡಿಲಿಸುತ್ತದೆ, ಆದರೆ ಊತವನ್ನು ಇಳಿಸುವುದಿಲ್ಲ; ಅದರ ಪರಿಣಾಮವೂ 4ರಿಂದ 6 ಗಂಟೆ ಮಾತ್ರ. ಅದೇ ಗಾಳಿಯನ್ನು ಮತ್ತೆ ಉಸಿರಾಡಿದಾಗ ಮತ್ತೆ ಅದೇ ಔಷಧ ಬೇಕಾಗುವುದು ಇದೇ ಕಾರಣಕ್ಕೆ. ಊತವನ್ನು ಇಳಿಸುವುದು ಬ್ಯುಡೆಸೊನೈಡ್‌ನಂತಹ ತಡೆಗಟ್ಟುವ ಔಷಧ, ಮತ್ತು ಅದನ್ನು ದಿನವೂ ತೆಗೆದುಕೊಂಡರೂ ಪೂರ್ಣ ಫಲಕ್ಕೆ ವಾರಗಳೇ ಬೇಕು. ಚೆನ್ನಾಗಿದ್ದೇವೆ ಎಂದು ಅದನ್ನು ನಿಲ್ಲಿಸಿ, ನೀಲಿಯೊಂದನ್ನೇ ಜೇಬಿನಲ್ಲಿಟ್ಟುಕೊಂಡು ತಿರುಗುವವರನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ನೀಲಿ ಇನ್‌ಹೇಲರ್ ಬೇಕಾಗುತ್ತಿದ್ದರೆ ವೈದ್ಯರನ್ನು ಕಂಡು ಔಷಧವನ್ನು ಮರುಪರಿಶೀಲಿಸಿಕೊಳ್ಳಿ. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಷ್ಟು ಏದುಸಿರಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.