ಉಬುಂಟುವಿನಲ್ಲಿ ಪೋರ್ಟ್ ಕಾಣದಿದ್ದರೆ ಹೊಸ ಬೋರ್ಡ್ ತಗೋಬೇಡಿ

ಲಿನಕ್ಸ್‌ನ ಉಬುಂಟು 22.04, ಯುಎಸ್‌ಬಿ ಸಂಪರ್ಕಕ್ಕೆ ಸಿಎಚ್340 ಚಿಪ್ ಇರುವ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡ್. ಕೆಂಪು ದೀಪ ಉರಿಯುತ್ತೆ, ಬೋರ್ಡಿಗೆ ಪ್ರೋಗ್ರಾಮ್ ಹಾಕುವ ಆರ್ಡುಯಿನೋ ಐಡಿಇಯಲ್ಲಿ ಪೋರ್ಟ್ ಮಾತ್ರ ಇಲ್ಲ, ಸಿಪಿ2102 ಅನ್ನೋ ಬೇರೆ ಯುಎಸ್‌ಬಿ ಚಿಪ್ ಇರುವ ಬೋರ್ಡ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ನಿಮ್ಮ ಬೋರ್ಡ್ ಚೆನ್ನಾಗಿಯೇ ಇರಬೇಕು.

ನನಗೆ ಇದು ಫೈನಲ್ ಇಯರ್ ಪ್ರಾಜೆಕ್ಟ್ ಸಮಯದಲ್ಲಿ ಆಗಿದ್ದು. ಮಣ್ಣಿನ ತೇವ ಅಳೆದು ಪಂಪ್ ಆನ್ ಮಾಡುವ ಪ್ರಾಜೆಕ್ಟ್. ಡೆಮೋ ಹತ್ತಿರ ಬಂದಿತ್ತು, ಅಷ್ಟರಲ್ಲಿ ಲ್ಯಾಪ್‌ಟಾಪಿಗೆ 22.04 ಹಾಕಿದೆ, ಬೋರ್ಡ್ ಕಾಣೋದೇ ನಿಂತಿತು. ಬೋರ್ಡ್ ಸುಟ್ಟಿದೆ ಅಂದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಇನ್ನೊಂದು ತಂದೆ. ಅದೂ ಕಾಣಲಿಲ್ಲ. ಎರಡು ಬೋರ್ಡೂ ಕೆಟ್ಟಿರೋಕೆ ಸಾಧ್ಯವಿಲ್ಲ, ಹಾಗಾದರೆ ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟೇ ಹೋಗಿದೆ ಅಂತ ತೀರ್ಮಾನಿಸಿ ಅದನ್ನು ರಿಪೇರಿಗೆ ಕೊಟ್ಟೆ.

ನಾನು ಎಡವಿದ್ದು ಇಲ್ಲೇ. ಎರಡನೇ ಬೋರ್ಡಿನಲ್ಲಿ ಇದ್ದಿದ್ದೂ ಅದೇ ಸಿಎಚ್340. ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ನಾನು ಏನನ್ನೂ ಬದಲಿಸಿರಲಿಲ್ಲ. ಕಂಪ್ಯೂಟರಿಗೆ ಇಎಸ್‌ಪಿ32 ಕಾಣೋದೇ ಇಲ್ಲ, ಕಾಣೋದು ನಡುವೆ ಕೂತಿರುವ ಯುಎಸ್‌ಬಿ ಚಿಪ್ ಮಾತ್ರ, ಆ ಚಿಪ್ಪಿನ ಐಡಿ ಎರಡರಲ್ಲೂ 1ಎ86:7523. ಅದೇ ಹಳೇ ಬೋರ್ಡನ್ನು ಗೆಳೆಯನ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬದಲಿಸಬೇಕಿದ್ದದ್ದು ಕಂಪ್ಯೂಟರನ್ನು, ನಾನು ಬದಲಿಸಿದ್ದು ಬೋರ್ಡನ್ನು. ಅದೇ ಯುಎಸ್‌ಬಿ ಪೋರ್ಟಿನಲ್ಲಿ ಪೆನ್‌ಡ್ರೈವ್ ಸರಿಯಾಗಿ ಓದುತ್ತಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊನೆಗೆ ಉತ್ತರ ಸಿಕ್ಕಿದ್ದು ಟರ್ಮಿನಲ್ಲಿನಲ್ಲಿ. ಕರ್ನಲ್ಲಿನ ಸಂದೇಶಗಳನ್ನು ಬಂದ ಹಾಗೇ ತೋರಿಸುವ 'ಸುಡೋ ಡಿಮೆಸ್ಗ್ -ಡಬ್ಲ್ಯೂ' ಓಡಿಸಿಟ್ಟು ಬೋರ್ಡ್ ಚುಚ್ಚಿ. ಸಿಎಚ್340ಗೂ ಕೆಲಸ ಮಾಡುವ ಸಿಎಚ್341 ಡ್ರೈವರ್ ಬಂದು ಟಿಟಿವೈಯುಎಸ್‌ಬಿ0 ಅನ್ನೋ ಪೋರ್ಟ್ ಕೊಡುತ್ತೆ. ಹಿಂದೆಯೇ ಬಿಆರ್‌ಎಲ್‌ಟಿಟಿವೈ ಅನ್ನೋ ಹೆಸರಿನ ಸಾಲು ಬರುತ್ತೆ, ತಕ್ಷಣ ಪೋರ್ಟ್ ಡಿಸ್‌ಕನೆಕ್ಟ್. ಅದು ಕಣ್ಣು ಕಾಣದವರು ಬಳಸುವ ಬ್ರೈಲ್ ಡಿಸ್‌ಪ್ಲೇಗಾಗಿ ಇರುವ ಪ್ರೋಗ್ರಾಮ್. ಕೆಲವು ಬ್ರೈಲ್ ಸಾಧನಗಳಿಗೂ ಇದೇ ಚಿಪ್ ಐಡಿ ಇರುವುದರಿಂದ ನಿಮ್ಮ ಬೋರ್ಡನ್ನು ಅದು ಬ್ರೈಲ್ ಡಿಸ್‌ಪ್ಲೇ ಅಂತಲೇ ಹಿಡಿದುಕೊಳ್ಳುತ್ತೆ.

'ಸುಡೋ ಆಪ್ಟ್ ರಿಮೂವ್ ಬಿಆರ್‌ಎಲ್‌ಟಿಟಿವೈ' ಕೊಟ್ಟು, ಬೋರ್ಡ್ ತೆಗೆದು ಮತ್ತೆ ಹಾಕಿ. ಆ ಕಂಪ್ಯೂಟರನ್ನು ಬ್ರೈಲ್ ಬಳಸುವವರೂ ಉಪಯೋಗಿಸುತ್ತಾರೆ ಅಂದರೆ ದಯವಿಟ್ಟು ಅದನ್ನು ತೆಗೆಯಬೇಡಿ, ಯಾವ ಸಾಧನ ಹಾಕಿದರೆ ಏನಾಗಬೇಕು ಅಂತ ಹೇಳುವ ಅದರ ಯುಡೆವ್ ರೂಲ್ಸ್ ಫೈಲಿನಲ್ಲಿ 7523 ಇರುವ ಸಾಲನ್ನಷ್ಟೇ ಮುಂದೆ # ಹಾಕಿ ಕಾಮೆಂಟ್ ಮಾಡಿ. ಅವರಿಗೆ ಅದಿಲ್ಲದೆ ಕಂಪ್ಯೂಟರೇ ಇಲ್ಲ.

ಡ್ರೈವರ್ ಹುಡುಕಿಕೊಂಡು ಮಾತ್ರ ಹೋಗಬೇಡಿ, ಸಿಎಚ್340ಗೂ ಸಿಪಿ2102ಗೂ ಲಿನಕ್ಸ್ ಕರ್ನಲ್‌ನಲ್ಲೇ ಡ್ರೈವರ್ ಇದೆ. ಇವೆರಡರಲ್ಲಿ ಯಾವುದು ಒಳ್ಳೇದು ಅನ್ನೋ ಚರ್ಚೆಯೇ ನನ್ನ ಪ್ರಕಾರ ಸುಮ್ನೆ. ಹವ್ಯಾಸದ ಕೆಲಸಕ್ಕೆ ಎರಡೂ ಸಾಕು.

ಇನ್ನು ಬೋರ್ಡ್ ಚುಚ್ಚಿದಾಗ ಡಿಮೆಸ್ಗ್‌ನಲ್ಲಿ ಒಂದು ಸಾಲೂ ಬರಲಿಲ್ಲ ಅಂದರೆ ಕೇಬಲ್ ಬದಲಿಸಿ. ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್‌ಗಳಲ್ಲಿ ಡೇಟಾ ವೈರ್ ಇರೋದೇ ಇಲ್ಲ, ದೀಪ ಮಾತ್ರ ಉರಿಯುತ್ತೆ. ಪೋರ್ಟ್ ಕಂಡರೂ 'ಪರ್ಮಿಷನ್ ಡಿನೈಡ್' ಬಂದರೆ ನಿಮ್ಮ ಯೂಸರನ್ನು ಇಂಥ ಪೋರ್ಟ್ ಬಳಸೋಕೆ ಅನುಮತಿ ಇರುವ 'ಡಯಲ್‌ಔಟ್' ಗ್ರೂಪಿಗೆ ಸೇರಿಸಿ ಲಾಗ್‌ಔಟ್ ಮಾಡಿ ಬನ್ನಿ. ಡಿಮೆಸ್ಗ್‌ನಲ್ಲಿ ಏನು ಬಂತು ಅಂತ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.