ಪ್ರತಿಕ್ರಿಯೆ: ಆರು ಸಾಲಿನ ವಚನಕ್ಕೆ ಉದ್ಧರಣ ಚಿಹ್ನೆ ಬೇಕೇ?

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್) ಶೈಲಿಯ ಪ್ರಬಂಧ ಬರೆಯುತ್ತಿದ್ದೇನೆ, ಆರು ಸಾಲಿನ ವಚನಕ್ಕೆ ಉದ್ಧರಣ ಚಿಹ್ನೆ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಪದ್ಯ ಮೂರು ಸಾಲು, ಗದ್ಯ ನಿಮ್ಮ ಪುಟದಲ್ಲಿ ನಾಲ್ಕು ಸಾಲು ದಾಟಿದರೆ ಹೊಸ ಸಾಲಿನಿಂದ ಶುರುಮಾಡಿ, ಇಡೀ ಭಾಗವನ್ನು ಎಡದಿಂದ ಅರ್ಧ ಇಂಚು ಒಳಕ್ಕೆ ಸರಿಸಿ. ಆ ಜಾಗವೇ ಉದ್ಧರಣೆಯ ಗುರುತು. ಸಾಲಿನ ಅಂತರ ಉಳಿದ ಪಠ್ಯದಂತೆ ಡಬಲ್ ಇರಲಿ. ಇಟಾಲಿಕ್ ಮಾತ್ರ ಬೇಡವೇ ಬೇಡ, ಓರೆಯಾದ ಒತ್ತಕ್ಷರ ಓದುವುದು ಕಣ್ಣಿಗೆ ಹಿಂಸೆ.

ವಚನದ ಸಾಲುಗಳನ್ನು ಒಬ್ಬೊಬ್ಬ ಸಂಪಾದಕರು ಒಂದೊಂದು ರೀತಿ ಮುರಿದಿರುತ್ತಾರೆ. ನೀವು ಉಲ್ಲೇಖಿಸುವ ಸಂಪುಟದಲ್ಲಿ ಹೇಗಿದೆಯೋ ಹಾಗೇ ಉಳಿಸಿ.

ಸ್ಪೇಸ್ ಬಾರ್ ಒತ್ತಿ ಒಳಕ್ಕೆ ತಳ್ಳಬೇಡಿ. ಫಾಂಟ್ ಬದಲಾಯಿಸಿದ ಕೂಡಲೇ ಆ ಖಾಲಿ ಜಾಗ ಸಾಲಿನ ನಡುವೆ ಬಂದು ಕೂರುತ್ತದೆ. ವರ್ಡ್‌ನಲ್ಲಿ ಪ್ಯಾರಾಗ್ರಾಫ್ ತೆರೆದು, ಇಂಡೆಂಟೇಶನ್ ಲೆಫ್ಟ್‌ನಲ್ಲಿ 0.5 ಇಂಚು ಕೊಡಿ. ಗೈಡ್‌ಗಳು ಕೆಂಪು ಗೀಟು ಎಳೆಯುವ ಇನ್ನೊಂದು ಜಾಗ ಪುಟಸಂಖ್ಯೆ: ಹೀಗೆ ಒಳಕ್ಕೆ ಸರಿಸಿದ ಉದ್ಧರಣೆಯಲ್ಲಿ ಮೊದಲು ಪೂರ್ಣವಿರಾಮ, ಆಮೇಲೆ ಆವರಣದಲ್ಲಿ ಪುಟಸಂಖ್ಯೆ. ಸಾಲಿನೊಳಗೇ ಬರುವ ಚಿಕ್ಕ ಉದ್ಧರಣೆಗೆ ಇದು ಉಲ್ಟಾ.

ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್) ಶೈಲಿ ಕೇಳಿದರೆ ಸಾಲು ಎಣಿಸಬೇಡಿ, ಅಲ್ಲಿ 40 ಪದ ಅಥವಾ ಹೆಚ್ಚಿದ್ದರೆ ಹೀಗೆ ಬೇರ್ಪಡಿಸಬೇಕು. ವಿಭಕ್ತಿ ಪದಕ್ಕೇ ಅಂಟುವ ಕನ್ನಡದಲ್ಲಿ ಕಣ್ಣಳತೆ ಕೈಕೊಡುತ್ತದೆ. ಆ ಭಾಗ ಸೆಲೆಕ್ಟ್ ಮಾಡಿ ವರ್ಡ್ ಕೌಂಟ್ ನೋಡಿಕೊಳ್ಳಿ.